ಸಣ್ಣ ಕಾರಿನ ಕೂಲೆಂಟ್ ಉಷ್ಣತೆ: ಸಹಜ ಯಾವುದು, ಅಪಾಯ ಯಾವುದು? ಕರಾವಳಿಯ ಚಾಲಕರಿಗೊಂದು ಸಮಗ್ರ ಮಾರ್ಗದರ್ಶಿ

ಸಣ್ಣ ಪೆಟ್ರೋಲ್ ಕಾರೊಂದು ಚೆನ್ನಾಗಿ ಬಿಸಿಯಾಗಿ ಓಡುತ್ತಿರುವಾಗ ಅದರ ಕೂಲೆಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಉಷ್ಣತೆ ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲಿ ಬೇಕಾದರೂ ಇರಬಹುದು, ಒಂದೇ ಪ್ರಯಾಣದಲ್ಲಿ ಹಲವು ಬಾರಿ ಏರಿ ಇಳಿಯಲೂಬಹುದು. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ಮಂಗಳೂರಿನ ನಂತೂರು ವೃತ್ತದಲ್ಲಿ ನಿಂತಾಗ ಕಾರಿಗೆ ಜೋಡಿಸಿದ ಮೊಬೈಲ್ ಪರದೆಯ ಮೇಲೆ 99 ಎಂಬ ಅಂಕಿ ಕಂಡರೆ ಗಾಬರಿಯಾಗುವುದು ಸಹಜವೇ. ಆದರೆ ಆ ಅಂಕಿ ರೋಗದ ಲಕ್ಷಣವಲ್ಲ. ಎಲ್ಲ ಕಾರುಗಳಿಗೂ ಒಪ್ಪುವ ಒಂದೇ ‘ಸರಿಯಾದ’ ಅಂಕಿಯನ್ನು ಹುಡುಕುವುದರಿಂದ ಪ್ರಯೋಜನವಿಲ್ಲ. ನಿಮ್ಮ ಕಾರು ಯಾವ ಸಂದರ್ಭದಲ್ಲಿ ಯಾವ ಉಷ್ಣತೆಗೆ ಬರುತ್ತದೆ, ಅಲ್ಲಿಂದ ಎಷ್ಟು ಬೇಗ ಇಳಿಯುತ್ತದೆ ಎಂಬ ಅದರ ಸ್ವಂತ ರೂಢಿಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಆ ರೂಢಿ ತಪ್ಪಿದಾಗಲೇ ನಿಜವಾದ ಎಚ್ಚರಿಕೆ ಸಿಗುತ್ತದೆ. ಅದನ್ನು ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ತಿಳಿದುಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಹಂತ 1: ಉಷ್ಣತೆಯನ್ನು ಹಿಡಿದಿಡುವ ನಾಲ್ಕು ಭಾಗಗಳನ್ನು ತಿಳಿಯಿರಿ

ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟ ಮುಚ್ಚಿರುತ್ತದೆ. ಆಗ ಕೂಲೆಂಟ್ ತನ್ನ ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ, ಹಾಗಾಗಿ ಬೇಗ ಬಿಸಿಯಾಗುತ್ತದೆ. ಅನೇಕ ಕಾರುಗಳಲ್ಲಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಈ ಕವಾಟ ತೆರೆಯತೊಡಗಿ, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಕಾರು ಓಡುತ್ತಿದ್ದರೆ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ನಿಂತಾಗ ಗಾಳಿ ಸಾಲದೆ ಉಷ್ಣತೆ ಏರಿದರೆ, ಹೆಚ್ಚಿನ ಕಾರುಗಳಲ್ಲಿ 95ರಿಂದ 102ರ ನಡುವಿನ ಯಾವುದೋ ಒಂದು ಅಂಕಿಯಲ್ಲಿ ವಿದ್ಯುತ್ ಫ್ಯಾನ್ ತಿರುಗತೊಡಗಿ ಐದಾರು ಡಿಗ್ರಿ ಇಳಿಸಿ ನಿಲ್ಲುತ್ತದೆ.

ನಾಲ್ಕನೆಯದು ರೇಡಿಯೇಟರಿನ ಮುಚ್ಚಳ. ಅಗ್ಗದ ಭಾಗವೆಂದು ಯಾರೂ ಇದನ್ನು ಗಮನಿಸುವುದಿಲ್ಲ, ಆದರೆ ಇದರ ಕೆಲಸ ದೊಡ್ಡದು. ಕುಚ್ಚಲಕ್ಕಿ ಬೇಯಿಸುವ ಕುಕ್ಕರಿನ ಹಾಗೆ ಇದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಗೆ ಹಿಡಿದಿಡುತ್ತದೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರು ಇರುವ ಮಿಶ್ರಣ ಮುಚ್ಚಳವಿಲ್ಲದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅದೇ ಮಿಶ್ರಣ ಈ ಒತ್ತಡದಲ್ಲಿ 125 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ನಿಮ್ಮ ಕಾರು 101 ಡಿಗ್ರಿಯಲ್ಲೂ ನಿಶ್ಚಿಂತೆಯಿಂದ ಓಡಲು ಇದೇ ಕಾರಣ. ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಆ ರಕ್ಷಣೆಯಷ್ಟೂ ಇಲ್ಲವಾಗುತ್ತದೆ.

ಹಂತ 2: ಡ್ಯಾಶ್‌ಬೋರ್ಡ್ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಉಷ್ಣತೆಯ ಮುಳ್ಳೇ ಇಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ನೀಲಿ ದೀಪ ಉರಿದು, ಎಂಜಿನ್ ಒಂದಿಷ್ಟು ಬಿಸಿಯಾದ ಮೇಲೆ ಆರುತ್ತದೆ. ಮಿತಿ ಮೀರಿ ಬಿಸಿಯಾದಾಗ ಮಾತ್ರ ಕೆಂಪು ದೀಪ ಬೆಳಗುತ್ತದೆ. ಇವೆರಡರ ನಡುವಿನ ವಿಶಾಲ ಪ್ರದೇಶದ ಬಗ್ಗೆ ಡ್ಯಾಶ್‌ಬೋರ್ಡ್ ಮೌನವಾಗಿರುತ್ತದೆ. ಕರಾವಳಿಯ ಸೆಕೆಯಲ್ಲಿ ನೀಲಿ ದೀಪ ಕೆಲವೇ ನಿಮಿಷಗಳಲ್ಲಿ ಆರಬೇಕು. ಮನೆಯಿಂದ ಹೊರಟು ಮೂರು ನಾಲ್ಕು ಕಿಲೋಮೀಟರ್ ಹೋದರೂ ಅದು ಉರಿಯುತ್ತಲೇ ಇದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ ಎಂಬ ಅನುಮಾನ ಪಡಬಹುದು.

ಮುಳ್ಳು ಇರುವ ಕಾರಿನವರೂ ಅದನ್ನು ಪೂರ್ತಿ ನಂಬಬಾರದು. ಸಣ್ಣಪುಟ್ಟ ಏರಿಳಿತ ಕಂಡು ಮಾಲೀಕರು ಗಾಬರಿಯಾಗದಿರಲೆಂದು, ಹಲವು ಕಾರುಗಳಲ್ಲಿ ಮುಳ್ಳು ಸುಮಾರು 75ರಿಂದ 105 ಡಿಗ್ರಿಯವರೆಗೂ ಮಧ್ಯದಲ್ಲೇ ಅಲುಗದೆ ನಿಲ್ಲುವಂತೆ ಮಾಡಿರುತ್ತಾರೆ. ಅದು ಮಧ್ಯದಿಂದ ಮೇಲಕ್ಕೆ ಸರಿಯಿತೆಂದರೆ ಉಷ್ಣತೆ ಆಗಲೇ ಸಾಕಷ್ಟು ಏರಿದೆ ಎಂದರ್ಥ. ‘ಸ್ವಲ್ಪ ತಾನೇ ಏರಿದೆ’ ಎಂದು ಮುಂದುವರಿಯುವುದು ಅಪಾಯಕಾರಿ.

ಹಂತ 3: ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು ನೋಡಿ

ಯಾವ ಅಳತೆಗೂ ಮುನ್ನ ಕೂಲೆಂಟ್ ಸಾಕಷ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿಯಿಡೀ ನಿಂತ ಕಾರನ್ನು ಸಮತಟ್ಟಾದ ಜಾಗದಲ್ಲಿಟ್ಟು, ಬಿಳಿ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ದ್ರವದ ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇದೆಯೇ ನೋಡಿ. ಮಂಗಳೂರು ಹಂಚಿನ ಹಳೆಯ ಮನೆಗಳ ಇಳಿಜಾರು ಅಂಗಳದಲ್ಲಿ ಕಾರು ವಾಲಿ ನಿಂತಿದ್ದರೆ ಮಟ್ಟ ತಪ್ಪಾಗಿ ಕಾಣುತ್ತದೆ. ದ್ರವ ತಿಳಿಯಾಗಿ, ತನ್ನ ಬಣ್ಣದಲ್ಲಿ ಇರಬೇಕು. ತುಕ್ಕಿನ ಕಂದು ಬಣ್ಣ ಅಥವಾ ಮೇಲೆ ಎಣ್ಣೆಯ ಪೊರೆ ಕಂಡರೆ ಮುಂದಿನ ಹಂತಗಳನ್ನು ಬಿಟ್ಟು ನೇರವಾಗಿ ಗ್ಯಾರೇಜಿಗೆ ಹೋಗಿ.

ಕಾರಿನಡಿಯ ನೆಲವನ್ನೂ ನೋಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಬಹಳ ಇರುವುದರಿಂದ ಏಸಿ ಹಾಕಿ ಓಡಿಸಿದ ಕಾರಿನಡಿ ಧಾರಾಳವಾಗಿ ನೀರು ತೊಟ್ಟಿಕ್ಕುತ್ತದೆ, ಅದನ್ನು ಕಂಡು ಕೂಲೆಂಟ್ ಸೋರುತ್ತಿದೆ ಎಂದು ಹೆದರುವವರು ಬಹಳ. ಏಸಿಯ ನೀರಿಗೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ, ಬೆರಳಿಗೆ ಜಾರುವುದೂ ಇಲ್ಲ. ಸಾಮಾನ್ಯವಾಗಿ ಅದು ಚಾಲಕನ ಪಕ್ಕದ ಸೀಟಿನವರ ಕಾಲಿನ ಕೆಳಭಾಗದಲ್ಲಿ ಬೀಳುತ್ತದೆ. ಕೂಲೆಂಟ್‌ಗೆ ಹಸಿರು, ಕೆಂಪು ಅಥವಾ ನೀಲಿ ಬಣ್ಣವಿದ್ದು, ಮುಟ್ಟಿದರೆ ತುಸು ಜಿಗುಟಾಗಿ, ಮೂಸಿದರೆ ಸಿಹಿಯಾದ ವಾಸನೆ ಬರುತ್ತದೆ. ಬಾಯಿಗೆ ಮಾತ್ರ ಹಾಕಬೇಡಿ. ಎಥಿಲೀನ್ ಗ್ಲೈಕಾಲ್ ವಿಷ.

ಹಂತ 4: ನಿಜವಾದ ಅಂಕಿಯನ್ನು ಓದಿ

ಭಾರತದಲ್ಲಿ 2013ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಒಬಿಡಿ ಎಂಬ 16 ಪಿನ್ನಿನ ಸಾಕೆಟ್ ಇರುತ್ತದೆ. ಇಎಲ್‌ಎಂ 327 ಹೆಸರಿನ ಸಣ್ಣ ಬ್ಲೂಟೂತ್ ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಮೊಬೈಲ್‌ನಲ್ಲಿ ಒಂದು ಒಬಿಡಿ ಆ್ಯಪ್ ಹಾಕಿಕೊಂಡರೆ ಎಂಜಿನ್ನಿನ ಕಂಪ್ಯೂಟರ್ ಸ್ವತಃ ನೋಡುತ್ತಿರುವ ಕೂಲೆಂಟ್ ಉಷ್ಣತೆಯೇ ನಿಮಗೂ ಕಾಣುತ್ತದೆ. ಐಫೋನ್ ಇರುವವರು ಅದಕ್ಕೆ ಹೊಂದುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅಡಾಪ್ಟರ್ ತೆಗೆದಿಡಿ, ಅದನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ.

ಮೊದಲು ಸೆನ್ಸರನ್ನೇ ಪರೀಕ್ಷಿಸಿ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಕೂಲೆಂಟ್ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಒಟ್ಟಿಗೆ ನೋಡಿ. ಇಡೀ ರಾತ್ರಿ ನಿಂತ ಕಾರಿನಲ್ಲಿ ಇವೆರಡೂ ಹೊರಗಿನ ಹವೆಯಷ್ಟೇ ಇರಬೇಕು. ಕೂಲೆಂಟ್ 27, ಗಾಳಿ 28 ತೋರಿಸಿದರೆ ಸೆನ್ಸರ್ ನಂಬಲರ್ಹ. ಒಂದು 27, ಇನ್ನೊಂದು 41 ಎಂದಾದರೆ ಅವುಗಳಲ್ಲೊಂದು ತಪ್ಪು ಹೇಳುತ್ತಿದೆ. ಅದನ್ನು ಸರಿಪಡಿಸದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಪರದೆ ಮೈನಸ್ 40 ಎಂದು ತೋರಿಸಿದರೆ ಸೆನ್ಸರಿನ ತಂತಿ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ ಎಂದು ತಿಳಿಯಿರಿ, ಏಕೆಂದರೆ ಒಬಿಡಿ ತೋರಿಸಬಲ್ಲ ಅತಿ ಕಡಿಮೆ ಅಂಕಿ ಅದು. ಈ ಒಂದು ನಿಮಿಷದ ಪರೀಕ್ಷೆಯನ್ನು ಗ್ಯಾರೇಜುಗಳಲ್ಲೂ ಮಾಡುವುದು ಅಪರೂಪ. ಇದನ್ನು ಮಾಡಿದ್ದರೆ ಎಷ್ಟೋ ಒಳ್ಳೆಯ ಥರ್ಮೋಸ್ಟಾಟ್‌ಗಳು ಕಸದಬುಟ್ಟಿ ಸೇರುತ್ತಿರಲಿಲ್ಲ.

ಹಂತ 5: ಮೂರು ಬಗೆಯ ಓಟದಲ್ಲಿ ಅಂಕಿಗಳನ್ನು ಬರೆದಿಡಿ

ಅಂಕಿ ಓದುವ ಕೆಲಸವನ್ನು ಪಕ್ಕದಲ್ಲಿ ಕೂತವರಿಗೆ ಒಪ್ಪಿಸಿ, ಚಾಲಕರು ರಸ್ತೆಯನ್ನೇ ನೋಡಲಿ. ದಿನಾಂಕ, ಹವೆ, ಏಸಿ ಇತ್ತೇ ಇಲ್ಲವೇ, ಕಾರಿನಲ್ಲಿ ಎಷ್ಟು ಜನರಿದ್ದರು ಎಂಬುದನ್ನೂ ಬರೆಯಬೇಕು. ಇವಿಲ್ಲದ ಅಂಕಿಯನ್ನು ಮುಂದೆ ಹೋಲಿಸಿ ನೋಡಲಾಗದು.

ಮೊದಲನೆಯದು ಸಮತಟ್ಟು ಹೆದ್ದಾರಿಯ ಓಟ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್‌ನಿಂದ ಉಡುಪಿಯ ಕಡೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಹೋಗುವಾಗ ಸ್ವಸ್ಥ ಕಾರು ಸಾಮಾನ್ಯವಾಗಿ 85ರಿಂದ 93ರೊಳಗೆ ನೆಲೆ ನಿಲ್ಲುತ್ತದೆ. ಇದು ಬಹುಮಟ್ಟಿಗೆ ಥರ್ಮೋಸ್ಟಾಟ್ ನಿಗದಿಪಡಿಸುವ ಅಂಕಿ. ಜೋರು ಮಳೆಯಲ್ಲಿ ಇದು ಒಂದೆರಡು ಡಿಗ್ರಿ ಕಡಿಮೆಯಾಗಬಹುದು.

ಎರಡನೆಯದು ಊರೊಳಗಿನ ನಿಂತು ಹೊರಡುವ ಓಟ. ಸಂಜೆಯ ಹೊತ್ತು ಕೊಟ್ಟಾರ ಚೌಕಿಯಿಂದ ಪಂಪ್‌ವೆಲ್‌ವರೆಗೆ ಅಥವಾ ಉಡುಪಿಯ ಕಲ್ಸಂಕದ ಸುತ್ತಮುತ್ತ ಹೋದರೆ ಬೇಕಾದ ಅಂಕಿಗಳೆಲ್ಲ ಸಿಗುತ್ತವೆ. ಇಲ್ಲಿ ನೀವು ಗಮನಿಸಬೇಕಾದದ್ದು ಅಲೆಯಂತಹ ಏರಿಳಿತ. ಏಸಿ ಆರಿಸಿ ನಿಂತಾಗ ಉಷ್ಣತೆ ಮೆಲ್ಲನೆ 93, 95, 97 ಎಂದು ಏರುತ್ತದೆ, ಒಂದು ಅಂಕಿಯಲ್ಲಿ ಬಾನೆಟ್ ಒಳಗಿಂದ ಫ್ಯಾನಿನ ಭರ್ ಎಂಬ ಸದ್ದು ಕೇಳುತ್ತದೆ, ಅಂಕಿ ನಿಂತು ಇಳಿಯತೊಡಗುತ್ತದೆ, 92ರ ಆಸುಪಾಸಿನಲ್ಲಿ ಸದ್ದು ನಿಂತು ಮತ್ತೆ ಏರಿಕೆ ಆರಂಭವಾಗುತ್ತದೆ. ಫ್ಯಾನ್ ತಿರುಗತೊಡಗಿದ ಅಂಕಿ, ನಿಂತ ಅಂಕಿ, ನಡುವೆ ಹಿಡಿದ ಹೊತ್ತು ಇವನ್ನು ಬರೆದುಕೊಳ್ಳಿ. ಇಡೀ ಟಿಪ್ಪಣಿಯಲ್ಲಿ ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಇದೇ. ಆಮೇಲೆ ಏಸಿ ಹಾಕಿ ನೋಡಿ. ಏಸಿ ಹಾಕಿದಾಗ ಫ್ಯಾನ್ ಅದರ ಅಗತ್ಯಕ್ಕೂ ತಿರುಗುವುದರಿಂದ ಅಲೆಯ ಆಕಾರ ಬದಲಾಗುತ್ತದೆ. ಏಸಿಯ ಶಾಖವನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಎದುರಿಗೇ ಇದ್ದು, ತನ್ನ ಬಿಸಿಗಾಳಿಯನ್ನು ಅದರ ಮೇಲೆಯೇ ದೂಡುತ್ತದೆ. ಅದೇ ಬಿಸಿಲಿನಲ್ಲಿ ಒಣ ಹವೆಯ ಬಯಲುಸೀಮೆಗಿಂತ ಮಂಗಳೂರಿನ ಏಸಿ ಹೆಚ್ಚು ದುಡಿಯಬೇಕು, ಏಕೆಂದರೆ ಅದು ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ತೇವವನ್ನೂ ನೀರಾಗಿಸಬೇಕಾಗಿದೆ, ಆ ಶಾಖವೆಲ್ಲ ಬಂದು ಸೇರುವುದು ಕಂಡೆನ್ಸರಿಗೇ. ಏಪ್ರಿಲ್, ಮೇ ತಿಂಗಳಲ್ಲಿ ಏಸಿ ಹಾಕಿ ನಿಂತ ಕಾರು 100, 102 ತೋರಿಸಿ ಮತ್ತೆ ಇಳಿದರೆ ಅದನ್ನು ದೋಷವೆನ್ನಬೇಡಿ.

ಮೂರನೆಯದು ಘಾಟಿ. ಉಡುಪಿಯವರಿಗೆ ಹೆಬ್ರಿ, ಸೋಮೇಶ್ವರ ದಾಟಿ 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಹತ್ತಿರ. ಮಂಗಳೂರಿನವರಿಗೆ ಗುಂಡ್ಯದಿಂದ ಮೇಲೇರುವ ಶಿರಾಡಿ ಅಥವಾ ಉಜಿರೆ ಕಡೆಯ ಚಾರ್ಮಾಡಿ ಇದೆ. ಕಡಿಮೆ ಗೇರಿನಲ್ಲಿ, ಕಡಿಮೆ ವೇಗದಲ್ಲಿ, ತುಂಬಿದ ಕಾರು ಏರುವಾಗ ಎಂಜಿನ್ ಹೆಚ್ಚು ಶಾಖ ಹುಟ್ಟಿಸುತ್ತದೆ, ಎದುರುಗಾಳಿ ಮಾತ್ರ ಇರುವುದಿಲ್ಲ. 98ರಿಂದ 105ರವರೆಗಿನ ಅಂಕಿ ಇಲ್ಲಿ ನಿರೀಕ್ಷಿತವೇ. ಏರು ಮುಗಿದು ರಸ್ತೆ ಸಪಾಟಾದ ಮೇಲೆ ಎರಡು ಮೂರು ನಿಮಿಷದಲ್ಲಿ ಅದು 95ರ ಕೆಳಗೆ ಇಳಿಯುತ್ತದೆಯೇ ಎಂಬುದೇ ಆರೋಗ್ಯದ ಗುರುತು. ಮರಳಿ ಇಳಿಯುವಾಗ ಆಕ್ಸಿಲರೇಟರ್ ತುಳಿಯದೆ ಗೇರಿನಲ್ಲೇ ಬಂದರೆ ಎಂಜಿನ್‌ಗೆ ಇಂಧನವೇ ಹೋಗುವುದಿಲ್ಲ, ಆಗ ಉಷ್ಣತೆ 80ರ ಆಸುಪಾಸಿಗೆ ಬಂದರೂ ತಪ್ಪಿಲ್ಲ.

ಇನ್ನೊಂದು ಮಾತು. ಬಿಸಿ ಎಂಜಿನನ್ನು ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಅಂಕಿ ಮೊದಲಿಗಿಂತ ಹೆಚ್ಚಿರುತ್ತದೆ. ಕೂಲೆಂಟ್ ಸುತ್ತುವುದು ನಿಂತು ಲೋಹದ ಶಾಖ ಅದಕ್ಕಿಳಿಯುವುದರಿಂದ ಹೀಗಾಗುತ್ತದೆ. ಒಂದು ನಿಮಿಷ ಓಡಿಸಿದರೆ ಸರಿಯಾಗುತ್ತದೆ.

ಹಂತ 6: ರೂಢಿ ತಪ್ಪಿದಾಗ ಅರ್ಥ ಮಾಡಿಕೊಳ್ಳುವ ಬಗೆ

ಹೆದ್ದಾರಿಯಲ್ಲಿ 75 ಡಿಗ್ರಿಯನ್ನೂ ತಲುಪದೆ, ನಿಂತಾಗ ಮಾತ್ರ ಸರಿಯಾದ ಅಂಕಿಗೆ ಬರುವ ಕಾರಿನಲ್ಲಿ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಆಗ ಎಂಜಿನ್ ದೀಪ ಉರಿದು ಪಿ0128 ಎಂಬ ದೋಷದ ಕೋಡ್ ಸಿಗಬಹುದು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಭಾವಿಸಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುವುದರಿಂದ ಮೈಲೇಜ್ ಕುಸಿಯುತ್ತದೆ.

ಇನ್ನು ನಿಂತಾಗ ರೂಢಿಗಿಂತ ಹೆಚ್ಚು ಏರಿ, ಓಡುವಾಗ ಸಹಜ ಅಂಕಿಗೆ ಇಳಿದರೆ ಫ್ಯಾನಿನ ಕಡೆ ನೋಡಬೇಕು. ಮೊದಲು ಫ್ಯೂಸ್, ಆಮೇಲೆ ರಿಲೇ, ನಂತರ ಮೋಟರ್ ಮತ್ತು ಅದರ ಕನೆಕ್ಟರ್. ಕಡಲ ಗಾಳಿ ತಾಗುವ ಪಣಂಬೂರು, ಮಲ್ಪೆ, ಉಳ್ಳಾಲದ ಕಾರುಗಳಲ್ಲಿ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುವುದುಂಟು. ಫ್ಯಾನ್ ಒಮ್ಮೆ ತಿರುಗಿ ಒಮ್ಮೆ ತಿರುಗದಿದ್ದರೆ ಇದನ್ನು ಮೊದಲು ಬಿಚ್ಚಿ ನೋಡಿ.

ಊರಿನಲ್ಲಿ ಸರಿಯಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಉಷ್ಣತೆ ಏರುತ್ತಾ ಹೋದರೆ ಫ್ಯಾನಿನ ತಪ್ಪಲ್ಲ. ಶಾಖವನ್ನು ಹೊರಹಾಕುವ ಸಾಮರ್ಥ್ಯವೇ ಕಡಿಮೆಯಾಗಿದೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಕೂಲೆಂಟ್ ಕಡಿಮೆಯಿರಬಹುದು, ವಾಟರ್ ಪಂಪ್ ಸೋತಿರಬಹುದು, ಥರ್ಮೋಸ್ಟಾಟ್ ಅರ್ಧವಷ್ಟೇ ತೆರೆಯುತ್ತಿರಬಹುದು. ಮಳೆಗಾಲ ಮುಗಿದ ಮೇಲೆ ರೇಡಿಯೇಟರ್ ಮತ್ತು ಕಂಡೆನ್ಸರಿನ ನಡುವೆ ಕೆಂಪು ಮಣ್ಣು ಒಣಗಿ ಕೂತಿರುವುದೂ ನಮ್ಮಲ್ಲಿ ಸಾಮಾನ್ಯ. ತಣ್ಣಗಿರುವಾಗ ಕಡಿಮೆ ಒತ್ತಡದ ನೀರಿನಲ್ಲಿ ಅದನ್ನು ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಜೋರು ನೀರು ತೆಳ್ಳನೆಯ ರೆಕ್ಕೆಗಳನ್ನು ಮಡಚಿಹಾಕುತ್ತದೆ.

ಎಲ್ಲಕ್ಕಿಂತ ಮೋಸದ ಸ್ಥಿತಿಯೊಂದಿದೆ. ಕೂಲೆಂಟ್ ಪೂರ್ತಿ ಸೋರಿಹೋದಾಗ ಸೆನ್ಸರಿನ ತುದಿ ದ್ರವದಿಂದ ಹೊರಗುಳಿದು ಖಾಲಿ ಜಾಗದ ಉಷ್ಣತೆಯನ್ನು ಅಳೆಯುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಅಂಕಿ ಸಹಜವಾಗಿಯೇ ಕಾಣಬಹುದು, ಇಳಿಯಲೂಬಹುದು. ಅಂಕಿ ಇದ್ದಕ್ಕಿದ್ದಂತೆ ಜಿಗಿದಾಡಿದರೆ, ಹೀಟರ್ ಹಾಕಿದಾಗ ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬಂದರೆ, ಸಿಹಿ ವಾಸನೆ ಮೂಗಿಗೆ ತಾಗಿದರೆ, ಪರದೆಯನ್ನು ನಂಬದೆ ಕಾರು ನಿಲ್ಲಿಸಿ.

ಹಂತ 7: ದಾರಿಯಲ್ಲೇ ಉಷ್ಣತೆ ಮಿತಿ ಮೀರಿದರೆ

ಅಂಕಿ 108 ದಾಟಿ ಏರುತ್ತಲೇ ಇದ್ದರೆ ಮೊದಲು ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಒಳಗಿನ ಬ್ಲೋವರನ್ನು ಜೋರು ಮಾಡಿ, ಕಿಟಕಿ ಇಳಿಸಿ. ಸೆಕೆಯಲ್ಲಿ ಇದು ಹಿಂಸೆಯೇ, ಆದರೆ ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರ್. ಆಕ್ಸಿಲರೇಟರ್ ಹಗುರಗೊಳಿಸಿ. ಕೆಂಪು ದೀಪ ಉರಿದರೆ ಅಥವಾ 115ರ ಹತ್ತಿರ ಬಂದರೆ ಮುಂದೆ ಹೋಗಲೇಬೇಡಿ. ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು, ಅದರಡಿಯ ಗ್ಯಾಸ್ಕೆಟ್ ಹೋಗಲು ಕೆಲವೇ ನಿಮಿಷ ಸಾಕು. ಘಾಟಿಯಲ್ಲಾದರೆ ತಿರುವಿನಲ್ಲಿ ನಿಲ್ಲಿಸದೆ ಹಿಂದಿನಿಂದ ಬರುವ ಟ್ಯಾಂಕರುಗಳಿಗೆ ದೂರದಿಂದಲೇ ಕಾಣುವ ಜಾಗಕ್ಕೆ ಸರಿಸಿ, ಹಜಾರ್ಡ್ ದೀಪ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ.

ಆಮೇಲೆ ಕಾಯಬೇಕು, ಕನಿಷ್ಠ ಮುಕ್ಕಾಲು ಗಂಟೆ. ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಮುಟ್ಟುವಷ್ಟು ತಣಿದು, ಹಿಸುಕಿದರೆ ಮೆದುವಾಗಿರಬೇಕು. ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಅಲ್ಲಿಯವರೆಗೆ ಕುದಿಯದಿದ್ದ ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣಿದ ಮೇಲೂ ದಪ್ಪ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ, ನಿಧಾನವಾಗಿ ತಿರುಗಿಸಿ. ಸುಡುವ ಎಂಜಿನ್ನಿನ ಮೇಲೆ ತಣ್ಣೀರು ಎರಚುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಲೋಹ ಬಿರುಕು ಬಿಡುತ್ತದೆ. ಎಂಜಿನ್ ತಣಿದ ಮೇಲೆ ಕೂಲೆಂಟ್ ಕಡಿಮೆಯಿದ್ದರೆ ತುರ್ತಿಗೆ ಕುಡಿಯುವ ನೀರಿನ ಬಾಟಲಿ ಸಾಕು. ಅದನ್ನು ಹಾಕಿದ್ದನ್ನು ನೆನಪಿಟ್ಟು ಆಮೇಲೆ ಕೂಲೆಂಟ್ ಬದಲಿಸಿ.

ಹಂತ 8: ಕೂಲೆಂಟ್ ತುಂಬುವಾಗ, ದುರಸ್ತಿಗೆ ಒಪ್ಪುವಾಗ

ನಿಮ್ಮ ಕಾರಿನ ಕೈಪಿಡಿ ಹೇಳಿದ ಬಗೆಯ ಕೂಲೆಂಟನ್ನೇ ಕೊಳ್ಳಿ. ಬಣ್ಣ ಒಂದೇ ಎಂಬ ಕಾರಣಕ್ಕೆ ಎರಡು ಕೂಲೆಂಟ್‌ಗಳು ಒಂದೇ ಆಗುವುದಿಲ್ಲ. ನೀರು ಬೆರೆಸಿಯೇ ಬರುವ ಡಬ್ಬಿಗೆ ಮತ್ತೆ ನೀರು ಸೇರಿಸಬಾರದು, ಸಾಂದ್ರ ರೂಪದ್ದನ್ನು ನೀರಿಲ್ಲದೆ ಸುರಿಯಲೂ ಬಾರದು. ಬರೀ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲ, ಹಾಗಾಗಿ ಹೆಚ್ಚು ದಪ್ಪ ಕೂಲೆಂಟ್ ಹೆಚ್ಚು ಒಳ್ಳೆಯದೆಂಬ ನಂಬಿಕೆ ತಪ್ಪು. ಬೆರೆಸುವ ನೀರು ಡಿಸ್ಟಿಲ್ಡ್ ವಾಟರ್ ಆಗಿರಲಿ. ಕಡಲ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ, ಅದರ ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರನ್ನು ಒಳಗಿಂದಲೇ ತಿನ್ನುತ್ತದೆ.

ಗ್ಯಾರೇಜಿನಲ್ಲಿ ‘ಬಿಸಿಯಾಗ್ತದೆ’ ಎಂದಷ್ಟೇ ಹೇಳದೆ ನಿಮ್ಮ ಟಿಪ್ಪಣಿಯನ್ನು ತೋರಿಸಿ: ಮೊದಲು ಫ್ಯಾನ್ 97ಕ್ಕೆ ಬಂದು 92ಕ್ಕೆ ನಿಲ್ಲುತ್ತಿತ್ತು, ಈಗ 104 ಆದರೂ ಬರುತ್ತಿಲ್ಲ, ಹೆದ್ದಾರಿಯಲ್ಲಿ ಮೊದಲಿನಂತೆ 89 ಇದೆ. ಒಳ್ಳೆಯ ಮೆಕ್ಯಾನಿಕ್‌ಗೆ ಇಷ್ಟು ಸಾಕು, ಅವರು ರೇಡಿಯೇಟರಿಗೆ ಕೈಹಾಕದೆ ಫ್ಯಾನಿನ ಬಳಿಗೇ ಹೋಗುತ್ತಾರೆ.

ಒಂದು ಸಲಹೆಗೆ ಮಾತ್ರ ಖಂಡಿತ ಒಪ್ಪಬೇಡಿ. ‘ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟ್ ಬೇಡ ಮಾರಾಯ್ರೆ, ತೆಗೆದುಬಿಡುವಾ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಥರ್ಮೋಸ್ಟಾಟ್ ಇರುವುದು ಚಳಿಯ ದೇಶಗಳಿಗಾಗಿ ಅಲ್ಲ. ಹೊರಗೆ 34 ಡಿಗ್ರಿ ಇದ್ದರೂ ಎಂಜಿನ್‌ಗೆ ಬೇಕಾದ 90ಕ್ಕೆ ಅದು ಬಹಳ ಕೆಳಗೆ. ಕವಾಟ ತೆಗೆದ ಎಂಜಿನ್ ಹಂಪನಕಟ್ಟೆಗೆ ಹೋಗಿ ಬರುವಂಥ ಸಣ್ಣ ಓಟಗಳಲ್ಲಿ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಉರಿಯದ ಪೆಟ್ರೋಲ್ ಮತ್ತು ತೇವ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಸೇರಿ ಅದನ್ನು ಕೆಡಿಸುತ್ತವೆ, ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ಕೆಟ್ಟ ಥರ್ಮೋಸ್ಟಾಟನ್ನು ಬದಲಿಸಿ, ಅದೇ ಉಷ್ಣತೆಗೆ ತೆರೆಯುವಂಥದ್ದನ್ನೇ ಹಾಕಿಸಿ.

ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳಲು ಕೈಪಿಡಿಯ ಕ್ರಮದಂತೆ ಎಂಜಿನ್ ಓಡಿಸಿ, ಫ್ಯಾನ್ ಎರಡು ಬಾರಿ ಬಂದು ನಿಂತ ಮೇಲೆ ಆರಿಸಿ, ಮರುದಿನ ಬೆಳಿಗ್ಗೆ ಟ್ಯಾಂಕಿನ ಮಟ್ಟವನ್ನು ಇನ್ನೊಮ್ಮೆ ನೋಡಿ. ತೆಗೆದ ಹಳೆಯ ಕೂಲೆಂಟನ್ನು ಅಂಗಳಕ್ಕೋ ಚರಂಡಿಗೋ ಚೆಲ್ಲಬೇಡಿ. ಅದರ ಸಿಹಿಗೆ ನಾಯಿ, ಬೆಕ್ಕು ನಾಲಿಗೆ ಚಾಚುತ್ತವೆ, ಮುರಕಲ್ಲಿನ ನೆಲದಲ್ಲಿ ಅದು ಬಾವಿಯವರೆಗೂ ಇಳಿಯಬಲ್ಲದು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸದೆ, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.